ಇಡಿ ಸೆಟ್ಟು, ಬಿಡಿ ಸೆಟ್ಟು

ಜೂನ್ 3, ಸೋಮವಾರ

ಶನಿವಾರ ಇವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ನಾವು ಕೇಳಿಕೊಂಡದ್ದಲ್ಲ, ಡಾಕ್ಟರೇ ಕಳಿಸಿಕೊಟ್ಟರು. "ಇಲ್ಲಿ ಇನ್ನು ಮಾಡೋದೇನೂ ಇಲ್ಲ, ಮನೇಲೇ ಇರ್ಲಿ. ಅವರಿಗೆ ಏನಿಷ್ಟಾನೋ ಅದನ್ನ ಕೊಡಿ" ಎಂದರು. ಇಷ್ಟು ದಿನ ಉಪ್ಪು ಕೂಡದು, ಎಣ್ಣೆ ಕೂಡದು ಎಂದು ಪೀಡಿಸುತ್ತಿದ್ದವರು ಪಥ್ಯವನ್ನೆಲ್ಲ ಒಂದೇ ಮಾತಿಗೆ ತೆಗೆದುಹಾಕಿದರು. ಅಂದ ಮೇಲೆ ಅರ್ಧ ಗುಣವಾದ ಹಾಗೆಯೇ. ಮಗಳು ಮಾತ್ರ ಕಾರಿಡಾರಿನ ಗೋಡೆಗೆ ಮುಖಮಾಡಿಕೊಂಡು ಅಳುತ್ತಿದ್ದಳು. ಪಾಪ, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಲಗಿ ಹಣ್ಣಾಗಿದ್ದಾಳೆ.

ಈ ಡೈರಿ ಲೆನ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟದ್ದು, ಖಾಲಿ ಬಿದ್ದಿತ್ತು. ನಾನು ಬರೆಯುವ ಪೈಕಿಯವನಲ್ಲ, ಮಾತಾಡುವ ಪೈಕಿಯವನು. ಕನ್ನಡಕದ ಅಂಗಡಿ ಮುಚ್ಚಿ ಬಂದವನು ಚಪ್ಪಲಿ ಬಿಡುವ ಮೊದಲೇ ಇವಳಿಗೆ ಅವತ್ತಿನ ವರದಿ ಒಪ್ಪಿಸುವುದು ರೂಢಿ. ಯಾರು ಫ್ರೇಮಿನ ಮೇಲೆ ಕೂತು ಮುರಿದುಕೊಂಡು ಬಂದರು, ಯಾವ ಅಜ್ಜ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಕನ್ನಡಕ ಕಳೆದುಹೋಯಿತು ಎಂದು ಹುಡುಕಿಸಿದ, ಇಂಥವು. ಈಗ ನಾನು ಬರುವ ಹೊತ್ತಿಗೆ ಇವಳು ಔಷಧಿಯ ಮಂಪರಿನಲ್ಲಿರುತ್ತಾಳೆ. ಹೇಳದೆ ಉಳಿದ ಮಾತು ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಅದಕ್ಕೇ ಇಲ್ಲಿ ಗೀಚುತ್ತಿದ್ದೇನೆ.

ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದ್ದೇವೆ. ಇವಳಿಗೆ ಬೇಜಾರಾಗದಿರಲಿ ಎಂದು ಅಡುಗೆಮನೆಯ ರೇಡಿಯೋ ತಂದು ತಲೆದಿಂಬಿನ ಪಕ್ಕ ಇಟ್ಟೆ. ಬರೀ ಕೊರಕೊರ. ಆ ರೇಡಿಯೋ ಕಪಾಟಿನ ಮೇಲೆ ಕೂತು, ಕಿಟಕಿ ಸರಳಿಗೆ ತಂತಿ ಸುತ್ತಿ, ಆ ತಂತಿಗೊಂದು ಚಮಚ ನೇತುಹಾಕಿದರೆ ಮಾತ್ರ ಹಾಡುತ್ತದೆ. ಅದು ಇವಳೊಬ್ಬಳಿಗೇ ಒಲಿದ ವಿದ್ಯೆ.

"ಅದನ್ನ ಅಲ್ಲೇ ಇಡಿ ಹೋಗಿ. ಅಡುಗೆಮನೆ ಬಿಟ್ರೆ ಅದಕ್ಕೂ ಬೇರೆ ಊರು ಗೊತ್ತಿಲ್ಲ" ಎಂದಳು. ಆಮೇಲೆ, "ಇಷ್ಟು ವರ್ಷ ರೇಡಿಯೋ ಕೇಳಿದೀನಿ, ಒಂದು ಹಾಡನ್ನೂ ಪೂರ್ತಿ ಕೇಳಿದವಳಲ್ಲ ಗೊತ್ತಾ? ಹಾಡು ಶುರುವಾಯ್ತು ಅಂದ್ರೆ ಹಾಲಿಗೂ ಗೊತ್ತಾಗುತ್ತೆ, ಆಗಲೇ ಉಕ್ಕುತ್ತೆ. ಇಲ್ಲಾಂದ್ರೆ ನೀವು ಟವೆಲ್ ಎಲ್ಲಿ ಅಂತ ಕೂಗ್ತೀರಿ. ಎಲ್ಲಾ ಮುಗಿಸಿ ಬಂದು ನಿಲ್ಲೋ ಹೊತ್ತಿಗೆ ಕೊನೇ ಚರಣ. ನನಗೆ ಎಲ್ಲಾ ಹಾಡೂ ಬಾಲದ ಕಡೆಯಿಂದ ಗೊತ್ತು" ಎಂದಳು.

"ಈಗ ಯಾವುದು ಕೇಳ್ಬೇಕು ಹೇಳು."

"ಆ ಸೈಕಲ್ ಹಾಡು. ಒಂದೇ ಒಂದು ಸಲ, ಮಲಗಿಕೊಂಡು, ಇಡೀ ಹಾಡು."

ಹಳೆಯ ಸಿನಿಮಾದ ಹಾಡು ಅದು. ಹುಡುಗ ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿಯುತ್ತಾನೆ. ಒಳ್ಳೆಯ ಸ್ಟೀರಿಯೋ ತರುತ್ತೇನೆ ಎಂದು ನಾನು ಹೇಳುತ್ತ ಬಂದದ್ದು ಮಗಳು ಲಂಗ ಹಾಕುತ್ತಿದ್ದ ಕಾಲದಿಂದ. ಯಾವುದು ತರುವುದು ಎಂದು ಮೀನಮೇಷ ಎಣಿಸುವುದರಲ್ಲೇ ಟೇಪಿನ ಕಾಲ ಹೋಗಿ ಡಿಸ್ಕಿನ ಕಾಲ ಬಂತು. ಈ ಸಲ ತಂದೇ ಸೈ.

ಜೂನ್ 5, ಬುಧವಾರ

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಕಿವಿಯಪ್ಪನಲ್ಲಿಗೆ ಹೋದೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಟೀರಿಯೋ ಮಾರುವವನು. ಮಾತು ಮಾತಿಗೂ "ಕಿವಿ ಇರೋರಿಗೆ ಸಾರ್ ಇದು" ಎನ್ನುವುದರಿಂದ ಆ ಹೆಸರು ಬಿದ್ದಿದೆ. ಅವನ ಮೂಗಿನ ಮೇಲಿರುವ ಕನ್ನಡಕ ನನ್ನ ಅಂಗಡಿಯದು, ಹಾಗಾಗಿ ಸಲುಗೆಯಿದೆ. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದು ಎಂದು ಗೋಡೆತುಂಬ ಮೊಟ್ಟೆ ಇಡುವ ರಟ್ಟಿನ ತಟ್ಟೆ ಅಂಟಿಸಿದ್ದಾನೆ. ಒಳಗೆ ಹೋದರೆ ನಮ್ಮ ಕೆಮ್ಮೇ ನಮಗೆ ಬೇರೆ ಯಾರದೋ ಅನ್ನಿಸುತ್ತದೆ.

"ಸ್ಟೀರಿಯೋದಲ್ಲಿ ಎರಡೇ ಪಂಗಡ ಸಾರ್" ಎಂದು ಶುರುಮಾಡಿದ. "ಇಡಿ, ಬಿಡಿ. ಇಡಿ ಸೆಟ್ಟು ಅಂದ್ರೆ ರೇಡಿಯೋ, ಟೇಪು, ಡಿಸ್ಕು, ಸ್ಪೀಕರು ಎಲ್ಲಾ ಒಂದೇ ಪೆಟ್ಟಿಗೇಲಿ. ಬಿಡಿ ಸೆಟ್ಟು ಅಂದ್ರೆ ಒಂದೊಂದಕ್ಕೂ ಒಂದೊಂದು ಪೆಟ್ಟಿಗೆ. ಡಿಸ್ಕ್ ತಿರುಗಿಸೋದು ಬೇರೆ, ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ. ವೈರು ಹಾಕಿ ನಾವು ಸಂಬಂಧ ಕೂಡಿಸ್ಬೇಕು."

"ಎರಡರಲ್ಲಿ ಯಾವುದು ಒಳ್ಳೇದು?"

"ಬಿಡಿ ಸಾರ್" ಎಂದ.

ಹೇಳಲು ಮನಸ್ಸಿಲ್ಲವೇನೋ, ನಮ್ಮಂಥವರಿಗೆ ಹೇಳಿ ಕೋಣನ ಮುಂದೆ ಕಿನ್ನರಿ ಬಾರಿಸುವುದೇಕೆ ಅಂದುಕೊಂಡನೇನೋ ಎಂದು ನನಗೆ ಮುಖ ಚಿಕ್ಕದಾಯಿತು. ಎದ್ದು ಮೆಟ್ಟಿಲಿನವರೆಗೆ ಹೋದೆ. ಅವನು ಓಡಿಬಂದು ಕೈ ಹಿಡಿದ. "ಅಯ್ಯೋ ಸಾರ್, ಆ ಬಿಡಿ ಅಲ್ಲ, ಈ ಬಿಡಿ" ಎಂದು ಕಪಾಟಿನಲ್ಲಿದ್ದ ಆಂಪ್ಲಿಫೈಯರಿನ ಬೆನ್ನು ತಟ್ಟಿ ತೋರಿಸಿದ.

ಸಂಜೆ ಇವಳು ಎಚ್ಚರವಾಗಿದ್ದಳು, ಹೇಳಿದೆ. ಪಕ್ಕೆ ಒತ್ತಿಹಿಡಿದುಕೊಂಡು ನಕ್ಕಳು. ಆಮೇಲೆ ಟೀ ಕೊಡಲು ಹೋದರೆ, "ಇಡಿ ಟೀನಾ, ಬಿಡಿ ಟೀನಾ? ಬಿಡಿ ಆದ್ರೆ ಹಾಲು ಒಂದು ಲೋಟದಲ್ಲಿ, ಸಕ್ಕರೆ ಒಂದು ಲೋಟದಲ್ಲಿ ತನ್ನಿ" ಎಂದು ಕಾಡಿದಳು. ತುಂಬ ದಿನವಾಗಿತ್ತು ಈ ಮನೆಯಲ್ಲಿ ನಗು ಕೇಳಿ.

ಜೂನ್ 9, ಭಾನುವಾರ

ಮಗಳು ಬಂದಿದ್ದಳು. ಪಕ್ಕದ ಊರಿನ ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಬಸ್ಸು ಹಿಡಿದು ಬರುತ್ತಾಳೆ. ಬಂದವಳೇ ಅಮ್ಮನ ತಲೆ ಬಾಚಿ, ಚಾದರ ಬದಲಾಯಿಸಿ, ಉಗುರು ತೆಗೆದು, ನಾನು ಕೋಣೆಯಲ್ಲಿ ಹರಡಿಕೊಂಡಿದ್ದ ಸ್ಟೀರಿಯೋ ಪುಸ್ತಿಕೆಗಳನ್ನು ಒಟ್ಟು ಮಾಡಿದಳು.

"ಅಪ್ಪಾ, ಒಂದು ಗುಂಡಿ ಒತ್ತಿದ್ರೆ ಹಾಡ್ಬೇಕು, ಅಷ್ಟೇ ತಾನೆ? ಆ ಇಡೀದು ಅಂಗಡೀಲೇ ಇದೆ ಅಂತೀಯ. ನಾಳೆನೇ ಆಟೋದಲ್ಲಿ ಹಾಕ್ಕೊಂಡು ಬಾ."

ನಾನು ತಿಳಿಸಿ ಹೇಳಿದೆ. ಇಡಿಯಲ್ಲಿ ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಟೇಪಿನ ಬಾಗಿಲು ಮುರಿದರೂ ಇಡೀ ಪೆಟ್ಟಿಗೆ ರಿಪೇರಿಗೆ ಹೋಗಿ ಕೂರಬೇಕು. ಬಿಡಿಯಲ್ಲಿ ಹಾಗಲ್ಲ, ಕೆಟ್ಟದ್ದನ್ನು ಬದಲಾಯಿಸಿದರೆ ಉಳಿದವು ತಮ್ಮ ಪಾಡಿಗೆ ತಾವಿರುತ್ತವೆ. "ಇವತ್ತು ನಾಳೆ ನೋಡಿದ್ರೆ ಆಗಲ್ಲ ಮಗಳೇ. ಇನ್ನು ಹತ್ತು ವರ್ಷ ನಿಮ್ಮಮ್ಮ ಕೇಳ್ಬೇಕು, ಹಾಗೆ ಯೋಚ್ನೆ ಮಾಡ್ಬೇಕು" ಎಂದೆ.

ಮಗಳು ಪುಸ್ತಿಕೆಗಳನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹಟಮಾರಿ ಹುಡುಗಿ, ಆದರೂ ನ್ಯಾಯದ ಮಾತಿಗೆ ಒಪ್ಪುತ್ತಾಳೆ.

ಜೂನ್ 12, ಬುಧವಾರ

ಇವತ್ತೂ ಅಂಗಡಿ ಅರ್ಧ ದಿನ. ಕಿವಿಯಪ್ಪ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿಸಿದ. ಅವನ ಡಿಸ್ಕುಗಳಲ್ಲಿ ಹಳೆಯ ಹಾಡುಗಳದ್ದೊಂದಿತ್ತು, ಅದರಲ್ಲಿ ನಮ್ಮ ಸೈಕಲ್ ಹಾಡೂ ಇತ್ತು. ಅದನ್ನೇ ಹಾಕಿಸಿದೆ.

ನನ್ನ ಕಸುಬೇ ಇದಲ್ಲವೇ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಗಾಜು ಹಾಕುತ್ತೇನೆ, ತೆಗೆದು ಇನ್ನೊಂದು ಹಾಕುತ್ತೇನೆ. "ಇದಾ, ಅದಾ?" ಎನ್ನುತ್ತೇನೆ. ಜನ ಇದು ಎನ್ನುತ್ತಾರೆ ಇಲ್ಲವೇ ಅದು ಎನ್ನುತ್ತಾರೆ. "ಎರಡೂ ಒಂದೇ ಥರ" ಎನ್ನುವವರೂ ಇದ್ದಾರೆ, ಅವರನ್ನು ನಾನು ಬಿಡುವವನಲ್ಲ. ಎರಡು ಯಾವತ್ತೂ ಒಂದೇ ಥರ ಇರುವುದಿಲ್ಲ. ಕೇಳುತ್ತ ಹೋದರೆ ಎಂಥವರೂ ಒಂದನ್ನು ಹೇಳಲೇಬೇಕು.

ಹಾಗೆಯೇ ಕೇಳುತ್ತ ಹೋದೆ. ಇಡಿ ಸೆಟ್ಟಿನಲ್ಲಿ ಅರ್ಧ ಹಾಡು, ನಿಲ್ಲಿಸಿ ಬಿಡಿ ಸೆಟ್ಟಿನಲ್ಲಿ ಅದೇ ಅರ್ಧ, ಮತ್ತೆ ಮೊದಲಿಂದ. ಹುಡುಗ ಏರು ಹತ್ತುತ್ತಾನೆ, ಏದುಸಿರು ಬಿಡುತ್ತಾನೆ, ಎದುರುಗಾಳಿ ಬೀಸುತ್ತದೆ, ಹುಡುಗಿ ಹಿಂದೆ ಕೂತು ನಗುತ್ತಾಳೆ, ಅಲ್ಲಿಗೆ ಕಟ್. ಆ ಅರ್ಧ ನನಗೆ ಬಾಯಿಪಾಠವೇ ಆಗಿಬಿಟ್ಟಿತು. ಉಳಿದರ್ಧವನ್ನು ನಾನು ಕೇಳಲಿಲ್ಲ. ಮನೆಯಲ್ಲಿ ಇವಳ ಜೊತೆಯಲ್ಲೇ ಕೇಳೋಣ ಎಂದು.

ಇಡಿಯಲ್ಲಿ ಹಾಡು ಚೆನ್ನಾಗಿಯೇ ಇದೆ. ಬಿಡಿಯಲ್ಲಿ ಹುಡುಗನ ಏದುಸಿರೂ ಕೇಳುತ್ತದೆ. ನಿರ್ಧಾರ ಇನ್ನೂ ಆಗಿಲ್ಲ.

ಜೂನ್ 15, ಶನಿವಾರ

ಸ್ಪೀಕರುಗಳನ್ನು ಎಲ್ಲಿಡಬೇಕು ಎಂದು ಅಳತೆ ಮಾಡಿದೆ. ಎರಡು ಸ್ಪೀಕರು, ಒಂದು ತಲೆ, ಮೂರೂ ತ್ರಿಕೋನದ ಮೂರು ಮೂಲೆಯಲ್ಲಿರಬೇಕಂತೆ. ಮಂಚವನ್ನು ಸ್ವಲ್ಪ ಓರೆ ಮಾಡಬೇಕಾಯಿತು. ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕುತ್ತಿದ್ದರೆ ಇವಳು ದಿಂಬಿನ ಮೇಲಿಂದ ನೋಡುತ್ತಿದ್ದಳು.

"ನನ್ನ ಸುತ್ತಾನೂ ಒಂದು ಗೆರೆ ಎಳೆದುಬಿಡಿ. ಆಮೇಲೆ ಎಲ್ಲಿದ್ಲು ಅಂತ ಹುಡುಕೋದು ಬೇಡ."

"ನೀನೆಲ್ಲಿಗೆ ಹೋಗ್ತೀಯ, ಸ್ಪೀಕರ್ ಬಿಟ್ಟು?" ಎಂದೆ. ಇಂಥ ತಲೆಹರಟೆ ಮಾಡುವಷ್ಟು ಚೈತನ್ಯ ಬಂದಿದೆಯಲ್ಲ ಎಂದು ಸಮಾಧಾನವಾಯಿತು.

ಓರೆ ಮಾಡಿದ ಮಂಚದಿಂದ ಕಿಟಕಿ ಕಾಣುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಇವಳು ಹೇಳಲಿಲ್ಲ. ಬೆಳಿಗ್ಗೆ ಹೊತ್ತು ಬರುವ ನರ್ಸಮ್ಮ ಹೇಳಿದರು. ಮಂಚವನ್ನು ಮೊದಲಿನ ಹಾಗೆಯೇ ಎಳೆದು, ಗುರುತುಗಳನ್ನು ಅಳಿಸಿ ಬೇರೆ ತ್ರಿಕೋನ ಹಾಕಿದೆ.

ಜೂನ್ 18, ಮಂಗಳವಾರ

ಏನೂ ತಿನ್ನಲಿಲ್ಲ. ನರ್ಸಮ್ಮ ಇಂಜೆಕ್ಷನ್ ಕೊಟ್ಟು ಹೋಗುವಾಗ ಬಾಗಿಲ ಹತ್ತಿರ ನಿಂತು, "ಅಂಗಡಿ ಒಂದಷ್ಟು ದಿನ ಮುಚ್ಚಿದ್ರೆ ಆಗಲ್ವಾ?" ಎಂದು ಕೇಳಿದರು. ಸ್ಟೀರಿಯೋ ವಿಷಯಕ್ಕೆ ಆಗಲೇ ಅರ್ಧರ್ಧ ದಿನ ಮುಚ್ಚುತ್ತಿದ್ದೇನೆ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಜೂನ್ 20, ಗುರುವಾರ

ಅಂತೂ ಇತ್ಯರ್ಥವಾಯಿತು.

ಎರಡೂ ಪುಸ್ತಿಕೆ ಹಿಡಿದುಕೊಂಡು ಮಂಚದ ಪಕ್ಕ ಸ್ಟೂಲು ಹಾಕಿ ಕೂತೆ. ಕೇಳುವವಳು ಇವಳು, ನಾನ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಎನ್ನಿಸಿತು. ಅಂಗಡಿಯ ಧಾಟಿಯಲ್ಲೇ ಕೇಳಿದೆ. "ಇಡಿಯಾ, ಬಿಡಿಯಾ?"

ಇವಳು ಕಣ್ಣು ತೆರೆದು ನನ್ನನ್ನು ತುಂಬ ಹೊತ್ತು ನೋಡಿದಳು. ನನ್ನ ಅಂಗಿಯ ಗುಂಡಿ ಮೇಲುಕೆಳಗಾಗಿತ್ತು, ಒಂದರ ಕಾಜಿಗೆ ಇನ್ನೊಂದನ್ನು ಹಾಕಿಕೊಂಡಿದ್ದೆ. ಅದನ್ನು ಸರಿಮಾಡಲು ಕೈ ಎತ್ತಿದಳು. ಎತ್ತಲಾಗಲಿಲ್ಲ, ಮತ್ತೆ ಹೊದಿಕೆಯ ಮೇಲೆ ಬಿಟ್ಟಳು.

"ಬಿಡಿ" ಎಂದಳು.

"ಬಿಡಿನೇ ತಾನೆ? ಆಮೇಲೆ ಬೇರೆ ಮಾತಿಲ್ಲ."

"ಹ್ಞೂಂ. ಸಾಕು, ಬಿಡಿ ಇನ್ನು."

ನಿಜ, ಅಳೆದೂ ಸುರಿದೂ ಸಾಕಾಗಿತ್ತು. ನೋಡಿ, ಅಂಗಡಿಗೆ ಕಾಲಿಡದೆ, ಒಂದು ಸ್ವರ ಕೇಳದೆ, ಮಲಗಿದಲ್ಲಿಂದಲೇ ಒಳ್ಳೆಯದು ಯಾವುದೆಂದು ಹೇಳಿಬಿಟ್ಟಳು. ಕಿವಿ ಇರುವವರು ಎಂದರೆ ಇವಳೇ. ಖುಷಿಗೆ ನೇರ ಕಿವಿಯಪ್ಪನಲ್ಲಿಗೆ ಓಡಿದೆ. ಡಿಸ್ಕಿನ ಪೆಟ್ಟಿಗೆಯೂ ಸ್ಪೀಕರೂ ಎರಡು ಮೂರು ದಿನದಲ್ಲಿ ಕೊಡುತ್ತಾನೆ. ಒಳ್ಳೆಯ ಆಂಪ್ಲಿಫೈಯರ್ ಮಾತ್ರ ಹೊರಗಿಂದ ಬರಬೇಕು, ಸ್ವಲ್ಪ ತಡ. ಅಂಗಡಿಯಲ್ಲಿರುವುದು ತೋರಿಸಲು ಇಟ್ಟ ಹಳೆಯದು, ಅದು ಬೇಡ ಎಂದೆ. ಇವಳಿಗೆ ಹೊಸದೇ ಆಗಬೇಕು.

ರಾತ್ರಿ ಮಗಳ ಫೋನು. "ಅಮ್ಮನ್ನೇ ಕೇಳ್ದೆ. ಬಿಡಿ ಅಂದ್ಲು" ಎಂದೆ.

"ಏನಂದ್ಲು?"

"ಬಿಡಿ. ಸಾಕು ಬಿಡಿ ಇನ್ನು ಅಂದ್ಲು. ಆರ್ಡರ್ ಕೊಟ್ಟು ಬಂದೆ."

ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಎಂದೆ. "ಸರಿ ಅಪ್ಪಾ, ಅಮ್ಮನ ಹತ್ರ ಕೊಡು" ಎಂದಳು. ಫೋನನ್ನು ಇವಳ ಕಿವಿಗೆ ಇಟ್ಟು ನಾನು ಟೀ ಮಾಡಲು ಹೋದೆ.

ಜೂನ್ 24, ಸೋಮವಾರ

ಡಿಸ್ಕಿನದೂ ಎರಡು ಸ್ಪೀಕರೂ ಬಂದವು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಸ್ಪೀಕರಿನ ಮೇಲೆ ಆಗಲೇ ಇವಳ ಔಷಧಿ ಬಾಟಲಿ, ನೀರಿನ ಲೋಟ ಬಂದು ಕೂತಿವೆ. ಸ್ಪೀಕರಿನ ಮೇಲೆ ಏನೂ ಇಡಬಾರದು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಮಂಚದಿಂದ ಕೈಗೆ ಸಿಗುವುದು ಅದೊಂದೇ.

"ಎಲ್ಲಾ ಬಂದ್ವಲ್ಲ, ಹಾಡೋದು ಯಾವುದು?" ಎಂದು ಕೇಳಿದಳು. ಧ್ವನಿ ಈಗ ತುಂಬ ಸಣ್ಣ, ಹತ್ತಿರ ಬಾಗಿ ಕೇಳಬೇಕು.

"ಹಾಡ್ಸೋದು ಇನ್ನೂ ಬಂದಿಲ್ಲ. ಈ ವಾರದಲ್ಲಿ ಬರುತ್ತೆ."

ಹಾಗಿದ್ದರೂ ಡಿಸ್ಕಿನ ಪೆಟ್ಟಿಗೆ ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂದು ಕಿವಿಯಪ್ಪ ಕೊಟ್ಟಿದ್ದ ಡಿಸ್ಕು ಹಾಕಿ ಗುಂಡಿ ಒತ್ತಿದೆ. ಒಳಗೆ ಸರ್ ಎಂದು ತಿರುಗಿತು. ಕಪ್ಪು ಗಾಜಿನಲ್ಲಿ ಹಸಿರು ಅಂಕಿ ಮೂಡಿ ಒಂದೊಂದೇ ಸೆಕೆಂಡು ಓಡತೊಡಗಿತು. ಸದ್ದಿಲ್ಲ. ಇವಳು ಅದನ್ನೇ ನೋಡುತ್ತಿದ್ದಳು.

"ಯಾವ ಹಾಡು ಅದು?"

"ನಿನ್ನ ಸೈಕಲ್ಲು."

"ಹಾಗಾದ್ರೆ ಹಾಡ್ತಾ ಇದೆ. ನಮಗೆ ಕೇಳ್ಸಲ್ಲ ಅಷ್ಟೇ" ಎಂದಳು. ಆಮೇಲೆ, "ನನಗೆ ಶುರು ಬರಲ್ಲ ಕಣ್ರೀ" ಎಂದಳು.

ನನಗೆ ಬರುತ್ತಿತ್ತು. ಅಷ್ಟು ಸಲ ಕೇಳಿದ್ದೇನಲ್ಲ. ನಾನು ಹಾಡಿದವನಲ್ಲ, ಬಚ್ಚಲಲ್ಲೂ ಹಾಡಿದವನಲ್ಲ. ಆದರೆ ಅಂಕಿ ಓಡುತ್ತಿತ್ತು, ಇವಳು ಕಾಯುತ್ತಿದ್ದಳು. ಗಂಟಲು ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟೆ. ಏರು ಹತ್ತಿದೆ, ಏದುಸಿರು ಬಿಟ್ಟೆ, ಅದು ನಟನೆಯೇನಲ್ಲ. ಎದುರುಗಾಳಿಯ ಸಾಲಿನಲ್ಲಿ ಸ್ವರ ಎತ್ತಲೋ ಹೋಯಿತು, ಇವಳ ತುಟಿ ನಗುವಿಗೆ ಬಿರಿಯಿತು. ಹುಡುಗಿ ನಗುವಲ್ಲಿಗೆ ನನ್ನ ಪಾಠ ಮುಗಿಯಿತು. ಕಿವಿಯಪ್ಪ ಯಾವಾಗಲೂ ಅಲ್ಲೇ ನಿಲ್ಲಿಸುತ್ತಿದ್ದದ್ದು. ನಾನೂ ನಿಂತೆ.

ಇವಳು ಮುಂದುವರಿಸಿದಳು. ಹಾಡು ಎನ್ನುವ ಹಾಗಿಲ್ಲ, ಉಸಿರಿನಲ್ಲೇ ಮಾತು ಸೇರಿಸುತ್ತಿದ್ದಳು.

ಏರು ಮುಗಿಯಿತು ನೋಡು, ಇನ್ನು ಇಳಿಜಾರು,
ತುಳಿಯಬೇಡ ನನ್ನ ದೊರೆ, ತಾನೇ ಹೋಗುವುದು.

ಇಳಿಜಾರಿನ ಚರಣ ಅದರಲ್ಲಿದೆ ಎಂದು ನನಗೆ ಇವತ್ತೇ ಗೊತ್ತಾದದ್ದು. ನಡುವೆ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಕೊನೆಯ ಸಾಲು ಮುಗಿಸಿದಾಗ ಅಂಕಿ ಮುಂದಿನ ಹಾಡಿಗೆ ದಾಟಿಹೋಗಿತ್ತು.

ಏನು ಗ್ರಹಚಾರ. ಅಷ್ಟು ಒಳ್ಳೆಯ ಸ್ಪೀಕರು ಎದುರಿಗಿರುವಾಗ ಇವಳು ಆ ಹಾಡನ್ನು ನನ್ನ ಒಡಕು ಗಂಟಲಿನಲ್ಲಿ ಕೇಳಬೇಕಾಯಿತು. ನಾಳೆ ಕಿವಿಯಪ್ಪನಿಗೆ ಜೋರು ಮಾಡಬೇಕು.

ಜೂನ್ 26, ಬುಧವಾರ

ಆಂಪ್ಲಿಫೈಯರ್ ಬಂದಿಲ್ಲ. ಕೇಳಲು ಹೋಗಲೂ ಇಲ್ಲ. ಅಂಗಡಿಯನ್ನೂ ತೆಗೆದಿಲ್ಲ.

ಉಸಿರು ಕೇಳಿಯೇ ಇವಳಿಗೆ ನಿದ್ದೆಯೋ ಎಚ್ಚರವೋ ಹೇಳಬಲ್ಲೆ ಈಗ. ನೋವು ಬರುವ ಮೊದಲು ಉಸಿರು ಸಣ್ಣಗೆ ಸಿಕ್ಕಿಕೊಳ್ಳುತ್ತದೆ. ನರ್ಸಮ್ಮನಿಗೂ ಅದು ಕೇಳಿಸುವುದಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದವನಿಗೆ ಇದು ಯಾಕೆ ಕೇಳಿಸಿರಲಿಲ್ಲವೋ.

ಮಧ್ಯಾಹ್ನ "ಇಡಿ" ಎಂದಳು. ಏನು ಎಂದು ಬಾಗಿದೆ. "ಕೈ. ಹಣೆ ಮೇಲೆ ಕೈ ಇಡಿ."

ಇಟ್ಟೆ. "ಅಂತೂ ಇಡಿ ಅಂದೆಯಲ್ಲ. ಆರ್ಡರ್ ಬದಲಾಯಿಸ್ಲಾ?" ಎಂದೆ. ಕಣ್ಣು ಮುಚ್ಚಿಕೊಂಡೇ ಇದ್ದಳು, ಹುಬ್ಬು ಸ್ವಲ್ಪ ಮೇಲೆ ಹೋಯಿತು. ತಮಾಷೆ ತಿಳಿಯಿತು ಎಂದುಕೊಂಡಿದ್ದೇನೆ.

ಕೈ ತೆಗೆಯಲಿಲ್ಲ. ಸಂಜೆ ಮಗಳು ರಜೆ ಹಾಕಿ ಬಂದಳು.

ಜೂನ್ 28, ಶುಕ್ರವಾರ

ಬೆಳಿಗ್ಗೆ ಇವಳು ಹೋದಳು.

ಜುಲೈ 4, ಗುರುವಾರ

ಕಿವಿಯಪ್ಪ ಹೆಗಲ ಮೇಲೆ ಆಂಪ್ಲಿಫೈಯರ್ ಹೊತ್ತುಕೊಂಡು ಮೆಟ್ಟಿಲೇರಿ ಬಂದ. "ಬಂತು ಸಾರ್, ಅಮ್ಮಾವ್ರಿಗೆ ಹೇಳಿ, ಕಿವಿ ಇರೋರಿಗೆ..." ಎನ್ನುತ್ತ ಒಳಗೆ ಬಂದವನು ಮಂಚ ನೋಡಿದ. ಹಾಸಿಗೆ ಸುತ್ತಿಟ್ಟಿತ್ತು. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ಯಾವಾಗ, ಏನು ಎಂದು ಕೇಳಿದ. ಹೇಳಿದೆ. ಮಗಳು ಇಬ್ಬರಿಗೂ ಟೀ ತಂದುಕೊಟ್ಟು ಒಳಗೆ ಹೋದಳು. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ, ಹಾಗೆ ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ ಎಂದು ಅವನಿಗೆ ಎಷ್ಟು ಸಲ ಹೇಳಿದ್ದೇನೋ. ಇವತ್ತು ಹೇಳಲಿಲ್ಲ.

"ತಂದಿದ್ದೀಯಲ್ಲ, ಜೋಡಿಸು" ಎಂದೆ.

"ಬಿಡಿ ಸಾರ್."

"ಬಿಡೀನೇ ಅಲ್ವಾ ನಾನು ಕೇಳಿದ್ದು? ಜೋಡಿಸು ಮತ್ತೆ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, "ಆ ಬಿಡಿ ಅಲ್ಲ ಸಾರ್" ಎಂದ. "ಈಗ್ಯಾಕೆ, ಬಿಡಿ ಇನ್ನು, ಅಂದೆ."

ಟೀ ಲೋಟ ನನ್ನ ಕೈಯಲ್ಲೇ ಇತ್ತು. ಬಿಡಿ ಇನ್ನು. ಇದೇ ಮಾತು, ಇದೇ ಕೋಣೆ. ಸ್ಪೀಕರನ್ನು ಆರಿಸುವವರು 'ಇನ್ನು' ಎನ್ನುತ್ತಾರೆಯೇ? 'ಸಾಕು' ಎನ್ನುತ್ತಾರೆಯೇ? ಅಂಗಿಯ ಗುಂಡಿಯವರೆಗೂ ಎತ್ತಲಾಗದ ಕೈಯನ್ನು ನನ್ನ ಎದುರಿಗೇ ಹೊದಿಕೆಯ ಮೇಲೆ ಬಿಟ್ಟು ಇವಳು ಆ ಮಾತು ಹೇಳಿದಳು. ನಾನು ಪುಸ್ತಿಕೆ ಮಡಚಿಕೊಂಡು ಆರ್ಡರ್ ಕೊಡಲು ಓಡಿದೆ.

ಕಿವಿಯಪ್ಪ ಯಾವಾಗ ಹೋದನೋ ಗೊತ್ತಾಗಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆಯನ್ನು ನಾನು ಎಷ್ಟೋ ಗಿರಾಕಿಗಳಿಗೆ ಹೇಳಿದ್ದೇನೆ, ಕಣ್ಣು ಪೂರ್ತಿ ಮಂಜಾದ ಮೇಲೆ ತೋರಿಸಲು ಬರುವವರಿಗೆ. ಬರೆಯಲು ಆಗುತ್ತಿಲ್ಲ.

ಜುಲೈ 7, ಭಾನುವಾರ

ಮಗಳು ನಾಳೆ ಕೆಲಸಕ್ಕೆ ಮರಳುತ್ತಾಳೆ. ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆವು. ರೇಡಿಯೋ ಕಪಾಟಿನ ಮೇಲಿದೆ. ಮೊನ್ನೆ ಚಮಚ ನೇತುಹಾಕಲು ಪ್ರಯತ್ನಪಟ್ಟೆ, ನನ್ನ ಕೈಗೆ ಒಲಿಯಲಿಲ್ಲ.

"ನಿಮ್ಮಮ್ಮ ಬಿಡಿ ಅಂದಾಗ ನಿನಗೆ ಅವತ್ತೇ ಗೊತ್ತಾಯ್ತಾ?" ಎಂದು ಕೇಳಿದೆ.

ಅವಳು ಲೋಟದೊಳಗೇ ನೋಡುತ್ತಿದ್ದಳು. "ಗೊತ್ತಾಯ್ತಪ್ಪ."

"ಯಾಕೆ ಹೇಳ್ಲಿಲ್ಲ?"

"ಅವತ್ತೇ ಫೋನಲ್ಲಿ ಅಮ್ಮನ್ನ ಕೇಳ್ದೆ, ಅಪ್ಪಂಗೆ ಹೇಳ್ಲಾ ಅಂತ. ಬೇಡ ಅಂದ್ಲು. ಓಡಾಡ್ತಿದ್ದಾರೆ, ಓಡಾಡ್ಲಿ. ಸುಮ್ನೆ ಕೂತ್ರೆ ನನ್ನ ಮುಖ ನೋಡ್ತಾರೆ, ತಡ್ಕೊಳ್ಳಲ್ಲ ಅಂದ್ಲು."

ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವನು ನಾನು. ಎದ್ದು ಲೋಟ ತೊಳೆದಿಟ್ಟೆ. ಆ ಇಡಿ ಸೆಟ್ಟು ಅಂಗಡಿಯಲ್ಲೇ ಕೂತಿತ್ತು. ಮಗಳು ಹೇಳಿದ ಮರುದಿನವೇ ಆಟೋದಲ್ಲಿ ತಂದಿದ್ದರೆ ಇವಳು ಅಷ್ಟು ದಿನ ಬೆಳಿಗ್ಗೆ ಸಂಜೆ ಆ ಹಾಡು ಕೇಳಬಹುದಿತ್ತು. "ಒಂದೇ ಒಂದು ಇಡೀ ಹಾಡು ಕೇಳಿದ್ಲು ಕಣಮ್ಮ. ಅದನ್ನೂ ಕೇಳ್ಸಲಿಲ್ಲ ನಾನು" ಎಂದೆ. ಮಗಳ ಎದುರು ಅಳಬಾರದು ಎಂದಿದ್ದೆ. ಆಗಲಿಲ್ಲ.

"ಕೇಳಿದ್ಲಲ್ಲಪ್ಪ" ಎಂದಳು ಮಗಳು. "ಸ್ಪೀಕರ್ ಬಂದ ದಿನ ಸಂಜೆ ನಾನು ಫೋನ್ ಮಾಡ್ದಾಗ ಅದನ್ನೇ ಹೇಳಿದ್ದು. ಇಡೀ ಹಾಡು ಕೇಳ್ದೆ ಕಣೇ, ಅರ್ಧ ಅಪಸ್ವರ, ಅಂತ. ಎಷ್ಟು ನಕ್ಕಳು ಗೊತ್ತಾ?"

ಸಂಜೆ ನಾನೇ ಜೋಡಿಸಿದೆ. ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ. ಸ್ಪೀಕರಿನ ಮೇಲೆ ಇವಳ ಲೋಟ ಇಟ್ಟ ಜಾಗದಲ್ಲಿ ನೀರಿನ ಉಂಗುರದ ಕಲೆ ಉಳಿದಿದೆ, ಅದನ್ನು ಒರೆಸಲಿಲ್ಲ. ಮಂಚದ ಅಂಚಿನಲ್ಲಿ, ತ್ರಿಕೋನದ ಮೂರನೆಯ ಮೂಲೆಯಲ್ಲಿ ಕೂತು ಗುಂಡಿ ಒತ್ತಿದೆ.

ಕಿವಿಯಪ್ಪ ಹೇಳಿದ್ದು ಸುಳ್ಳಲ್ಲ. ಕೋಣೆ ತುಂಬಿತು. ಏರು ಬಂತು, ಏದುಸಿರು ಬಂತು, ಎದುರುಗಾಳಿ ಬಂತು. ನನಗಿಂತ ಎಷ್ಟೋ ಚೆನ್ನಾಗಿ ಹಾಡುತ್ತಾನೆ ಅವನು. ಹುಡುಗಿ ನಕ್ಕಳು. ಮುಂದಿನದು ಶುರುವಾಗುವ ಮೊದಲು ನನ್ನ ಕೈ ಹೋಗಿ ಆಂಪ್ಲಿಫೈಯರ್ ಆರಿಸಿತು.

ಸದ್ದು ನಿಂತಿತು. ಡಿಸ್ಕಿನ ಪೆಟ್ಟಿಗೆ ಬೇರೆಯಲ್ಲವೇ, ಅದು ತಿರುಗುತ್ತಲೇ ಇತ್ತು. ಹಸಿರು ಅಂಕಿಗಳು ಒಂದೊಂದೇ ಓಡುತ್ತಿದ್ದವು. ಇಡಿ ಸೆಟ್ಟಿನಲ್ಲಿ ಹೀಗಾಗುವುದಿಲ್ಲ, ಆರಿಸಿದರೆ ಎಲ್ಲವೂ ಒಟ್ಟಿಗೇ ಆರಿಹೋಗುತ್ತದೆ.

"ಯಾಕಪ್ಪಾ, ಕೆಟ್ಟೋಯ್ತಾ?" ಎನ್ನುತ್ತ ಮಗಳು ಕೈ ಒರೆಸಿಕೊಂಡು ಬಂದಳು.

"ಇಲ್ಲ" ಎಂದೆ. "ಹಾಡ್ತಾ ಇದೆ."

ಅವಳು ಅಂಕಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬಂದು ಪಕ್ಕದಲ್ಲಿ ಕೂತಳು. ಇಳಿಜಾರು ಮುಗಿಯುವವರೆಗೆ ಇಬ್ಬರೂ ಏಳಲಿಲ್ಲ.